ಆರುನೂರರ ಲೆನ್ಸ್ ಹಾಕಿಸಿದ್ದು

ಹಕ್ಕಿಯ ಫೋಟೋಗಾಗಿ ಒಂದೇ ಒಂದು ಸುಳ್ಳನ್ನೂ ಹೇಳುವುದಿಲ್ಲ ಎಂದು ನಾನು ಏಪ್ರಿಲ್‌ನಲ್ಲೇ ಶಪಥ ಮಾಡಿದ್ದೆ. ಇಲ್ಲದ ಹೊಟ್ಟೆನೋವು ತರಿಸಿಕೊಂಡು, ಸತ್ತ ಅಜ್ಜಿಯನ್ನು ಮತ್ತೆ ಸಾಯಿಸಿ ರಜೆ ಹಾಕುವ ಪೈಕಿ ನಾನಲ್ಲ! ನನ್ನನ್ನು ಹಾಳು ಮಾಡಿದ್ದು ಆ ಸತ್ಯವೇ.

ನನಗೆ ಬೇಕಿದ್ದುದು ಇಷ್ಟು. ಲಕ್ಕವಳ್ಳಿ ಹಿನ್ನೀರಿನ ನಡುಗಡ್ಡೆಗಳಲ್ಲಿ ಬೇಸಿಗೆಯಲ್ಲಿ ನದಿ ರೀವ ಎಂಬ ಹಕ್ಕಿ ಮರಿ ಮಾಡುತ್ತದೆ. ಹಳದಿ ಕೊಕ್ಕು, ತಲೆಗೆ ಕರಿ ಟೋಪಿ. ಅದು ಮೀನು ತಂದು ಮರಿಯ ಬಾಯಿಗಿಡುವ ಒಂದು ಫೋಟೋ. ಮಳೆ ಹಿಡಿದು ಡ್ಯಾಂ ತುಂಬಿತೋ, ನಡುಗಡ್ಡೆ ಮುಳುಗುತ್ತದೆ, ಹಕ್ಕಿ ಹೋಗುತ್ತದೆ, ನಾನು ಇನ್ನೊಂದು ವರ್ಷ ಕಾಯಬೇಕು.

ಕ್ಯಾಮೆರಾ ಇತ್ತು. ಲೆನ್ಸ್ ಆರಿಸುವುದಕ್ಕೇ ಎರಡು ತಿಂಗಳು ಹೋಯಿತು. ಮುನ್ನೂರು ಎಂ.ಎಂ. ಲೆನ್ಸಿನಲ್ಲಿ ಹಕ್ಕಿ ಸಾಸಿವೆಕಾಳು. ಐನೂರರ ಪ್ರೈಮ್‌ಗೆ ಜೂಮ್ ಇಲ್ಲ. ಹಕ್ಕಿ ಹತ್ತಿರ ಬಂದರೆ ನಾನೇ ಹಿಂದೆ ಸರಿಯಬೇಕು, ದೋಣಿಯಲ್ಲಿ ಹಿಂದೆ ಇರುವುದು ನೀರು. ಆದ್ದರಿಂದ ಆರುನೂರರ ಜೂಮ್ ಎಂದು ಹೆಂಡತಿ ವಿಮಲಳ ಮುಂದೆ ಘೋಷಿಸಿದೆ. ಅವಳ ತವರು ಕಡೂರು.

"ನಮ್ಮೂರಿಗೆ ವರ್ಷವೆಲ್ಲ ಬೀಳೋ ಮಳೇನೇ ಆರ್ನೂರು ಎಂ.ಎಂ. ಕಣ್ರೀ. ಅಷ್ಟನ್ನೂ ಒಬ್ರೇ ಕೊರಳಿಗೆ ನೇತಾಕ್ಕೊಳ್ತೀರಾ?" ಎಂದಳು.

ನನ್ನ ಹಳೇ ಕ್ಯಾಮೆರಾಗೆ ಆ ಲೆನ್ಸ್ ಕೂರಬೇಕಾದರೆ ಶಿವಮೊಗ್ಗದ ಅಂಗಡಿಯಲ್ಲಿ ಒಂದು ಉಂಗುರ ಹಾಕಿಸಬೇಕಿತ್ತು. ತರೀಕೆರೆಯ ನಮ್ಮ ಸಹಕಾರ ಸಂಘದ ಮ್ಯಾನೇಜರ್ ಪಂಚಾಕ್ಷರಪ್ಪನವರಿಗೆ ಸತ್ಯವನ್ನೇ ಬರೆದುಕೊಟ್ಟೆ: "ಶಿವಮೊಗ್ಗದಲ್ಲಿ ಹೊಸ ಲೆನ್ಸ್ ಹಾಕಿಸಬೇಕಾಗಿರುವುದರಿಂದ ನಾಲ್ಕು ದಿನ ರಜೆ ದಯಪಾಲಿಸಬೇಕು." ಅವರು ಓದಿ, ಕನ್ನಡಕ ತೆಗೆದು, ಮಂಜಾಗಿ ಕಾಣುತ್ತಿತ್ತೇ ಎಂದು ಕೇಳಿದರು. ಹೌದು ಸಾರ್, ದೂರದ್ದು ಏನೂ ಸ್ಪಷ್ಟ ಬರುತ್ತಿಲ್ಲ ಎಂದೆ. ಸಹಿ ಹಾಕಿ ನನ್ನ ಕೈ ಹಿಡಿದುಕೊಂಡರು. ಇವರಿಗೂ ಹಕ್ಕಿಯೆಂದರೆ ಇಷ್ಟು ಪ್ರೀತಿಯೇ ಎಂದು ನನಗೆ ಸಂತೋಷವಾಯಿತು.

ಮರುದಿನ ಲೆನ್ಸ್ ಹಾಕಿಸಿ ಬಂದು ಮನೆಯ ಕಿಟಕಿಯಿಂದ ಎದುರಿನ ಕರೆಂಟ್ ತಂತಿಯ ಹಕ್ಕಿಯ ಮೇಲೆ ಅಭ್ಯಾಸ ನಡೆಸಿದ್ದೆ. ಗೇಟಿನಲ್ಲಿ ಪಂಚಾಕ್ಷರಪ್ಪನವರು ಕಂಡರು. ಒಂದು ಕೈಯಲ್ಲಿ ಮೂಸಂಬಿ, ಇನ್ನೊಂದರಲ್ಲಿ ಅಜ್ಜಂಪುರದಿಂದ ಕರೆತಂದ ಅವರ ತಾಯಿ. ವಿಮಲ ಕಿಟಕಿಯಿಂದ ಒಮ್ಮೆ ನೋಡಿದಳು, ಟೇಬಲ್ಲಿನ ಮೇಲಿದ್ದ ರಜೆ ಚೀಟಿಯ ನಕಲು ನೋಡಿದಳು, ತನ್ನ ಕಪ್ಪು ಕನ್ನಡಕ ತಂದು ನನ್ನ ಮೂಗಿನ ಮೇಲೆ ಕೂರಿಸಿದಳು.

"ಮಲಗ್ರೀ. ನಿಮಗೆ ಪೊರೆ ಆಪರೇಷನ್ ಆಗಿದೆ."

ಲೆನ್ಸ್ ಹಾಕಿಸುವುದು ಎಂದರೆ ನಮ್ಮ ಸೀಮೆಯಲ್ಲಿ ಏನರ್ಥ ಎಂಬುದು ಎರಡು ತಿಂಗಳು ಲೆನ್ಸ್ ಬಗ್ಗೆಯೇ ಓದಿದವನಿಗೆ ಮಾತ್ರ ಗೊತ್ತಿರಲಿಲ್ಲ.

ಅವರು ಒಳಗೆ ಬಂದು ಕೂತೊಡನೆ ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಂಚಾಕ್ಷರಪ್ಪನವರೇ ಶುರು ಮಾಡಿದರು. ತಾಯಿ ಕರಿಬಸಮ್ಮನವರಿಗೆ ಎರಡೂ ಕಣ್ಣಿಗೆ ಪೊರೆ. ಎರಡು ವರ್ಷದಿಂದ ಆಸ್ಪತ್ರೆ ಎಂದರೆ ಮಂಚ ಬಿಟ್ಟು ಏಳುವುದಿಲ್ಲ. ಮೊನ್ನೆ ಬಚ್ಚಲಲ್ಲಿ ಬಿದ್ದರು. ಹಾಕಿಸಿಕೊಂಡವರ ಬಾಯಿಂದಲೇ ಕೇಳಲಿ ಎಂದು ಕರೆತಂದಿದ್ದರು.

"ನೋವಾತೇನಪ್ಪಾ?" ಎಂದರು ಕರಿಬಸಮ್ಮ, ನನ್ನ ಪಕ್ಕದ ದಿಂಬಿಗೆ.

ಇಲ್ಲ ಎಂದೆ. ಸತ್ಯ.

"ಈಗ ಏನ್ ಕಾಣ್ತೈತೆ?"

ಸುಳ್ಳು ಹೇಳುವುದಿಲ್ಲ ಎಂಬ ಶಪಥವಿತ್ತಲ್ಲ. ಅರ್ಧ ಫರ್ಲಾಂಗ್ ದೂರದ ತಂತಿಯ ಮೇಲೆ ಕೂತ ಹಕ್ಕಿಯ ಗರಿಗಳನ್ನು ಎಣಿಸಬಹುದು ಎಂದೆ. ಮುದುಕಿ ಮಗನ ಕಡೆ ತಿರುಗಿದರು.

"ಹಂಗಾರೆ ಇವ್ರಿಗೆ ಹಾಕಿರೋದೇ ನಂಗೂ ಹಾಕ್ಸು."

ಪಂಚಾಕ್ಷರಪ್ಪನವರ ಕಣ್ಣು ತುಂಬಿತು. ನಾನು ಕಪ್ಪು ಕನ್ನಡಕವನ್ನು ಇನ್ನಷ್ಟು ಮೇಲಕ್ಕೇರಿಸಿಕೊಂಡೆ. ಈಗ ನಿಜ ಹೇಳಿದರೆ ಆ ತಾಯಿ ಮತ್ತೆ ಮಂಚ ಹಿಡಿಯುತ್ತಾರೆ.

ಎರಡು ದಿನ ಇಡೀ ಆಫೀಸು ಬಂದು ನನ್ನನ್ನು ನೋಡಿಕೊಂಡು ಹೋಯಿತು. ಒಬ್ಬರಿಗೆ ಎಡಗಣ್ಣು ಎಂದಿದ್ದೆ, ಇನ್ನೊಬ್ಬರಿಗೆ ವಿಮಲ ಬಲಗಣ್ಣು ಎಂದಿದ್ದಳು. ನಾಲ್ಕನೆಯ ದಿನ ಮೊದಲ ಬಸ್ಸಿಗೆ ಲಕ್ಕವಳ್ಳಿಗೆ ಓಡಿದೆ. ದಾರಿಯುದ್ದಕ್ಕೂ, ದೋಣಿಯಲ್ಲೂ ನಮ್ಮ ಸಂಘದ ಸದಸ್ಯರೇ, ಹಾಗಾಗಿ ಕಪ್ಪು ಕನ್ನಡಕ ತೆಗೆಯಲಿಲ್ಲ. ರೀವ ಬಂತು, ಮೀನು ತಂತು, ಮರಿ ಬಾಯಿ ತೆರೆಯಿತು. ಇನ್ನೂರ ಎಪ್ಪತ್ತು ಫೋಟೋ ಹೊಡೆದೆ. ಲೆನ್ಸಿನ ಪಕ್ಕದಲ್ಲಿ ಆಟೋ ಫೋಕಸ್ಸಿನ ಸ್ವಿಚ್ಚೊಂದಿದೆ. ಅದು ಆಫ್ ಆಗಿತ್ತೆಂದು ಮನೆಗೆ ಬಂದು ಕನ್ನಡಕ ತೆಗೆದ ಮೇಲೆ ಕಂಡಿತು. ಇನ್ನೂರ ಎಪ್ಪತ್ತರಲ್ಲೂ ಒಂದು ಬಿಳೀ ಮೋಡ ಇನ್ನೊಂದು ಬಿಳೀ ಮೋಡಕ್ಕೆ ಏನೋ ಕೊಡುತ್ತಿತ್ತು. ಅಳು ಬಂತು. ವಾರದಲ್ಲಿ ಮಳೆ ಹಿಡಿಯಿತು.

ಜುಲೈ ಕೊನೆಗೆ ಕರಿಬಸಮ್ಮ ಕೋಲಿಲ್ಲದೆ ನಮ್ಮ ಮನೆ ಮೆಟ್ಟಿಲು ಹತ್ತಿ ಬಂದರು. ನನ್ನ ಮೀಸೆಯ ಬಿಳಿಕೂದಲು ಎಣಿಸಿದರು, ಫ್ಯಾನಿನ ಧೂಳು ತೋರಿಸಿದರು. ಇದ್ದುದರಲ್ಲಿ ವಾಸಿಯೆಂದು ಫ್ರೇಮ್ ಹಾಕಿಸಿದ್ದ ನನ್ನ ರೀವದ ಮುಂದೆ ನಿಂತರು. ಹತ್ತಿರ ಹೋಗಿ ನೋಡಿದರು, ದೂರ ಬಂದು ನೋಡಿದರು, ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ತೆಗೆದವರು ಯಾರೆಂದು ಕೇಳಿದರು. ನಾನೇ ಎಂದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

"ನಂದು ಸರಿಯಾಗಿ ಕೂತೈತೆ ಕಣಪ್ಪಾ. ನಿಂದೇ ಯಾಕೋ ಕೂತಿಲ್ಲ. ಇನ್ನೊಂದ್ಸಲ ಹಾಕಿಸ್ಕೊ."