ಮಾವನ ಬೂಷ್ಟು, ಅತ್ತೆಯ ಕೈ

ನಮ್ಮ ಮಾವನನ್ನು "ಮನೆಯಲ್ಲಿ ಎಷ್ಟು ಜನ?" ಎಂದು ಕೇಳಬೇಡಿ. "ಇಬ್ಬರು, ಮತ್ತೆ ಕೆಲವು ಸಾವಿರ ಕೋಟಿ" ಅನ್ನುತ್ತಾರೆ. ತಮಾಷೆಯಲ್ಲ, ಲೆಕ್ಕ ಹಿಡಿದೇ ಹೇಳುವುದು. ಆ ಇಬ್ಬರು ಮಾವ ಮತ್ತು ಅತ್ತೆ. ಉಳಿದವರೆಲ್ಲ ಹಿತ್ತಿಲ ಜಗಲಿಯ ಮೇಲೆ ಒಂದು ಭರಣಿಯಲ್ಲಿ ವಾಸ.

ಮಾವ ಎಂದರೆ ಅಮ್ಮನ ಅಣ್ಣ. ಮನೆ ಅಂಕೋಲೆಯಲ್ಲಿ. ಕಾರವಾರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ತೊಳೆಯುತ್ತ ನೌಕರಿ ಮುಗಿಸಿದವರು. ಪಾಠ ಮಾಡಿದ್ದು ಪ್ರೊಫೆಸರುಗಳು, ನೆನಪಿಟ್ಟುಕೊಂಡದ್ದು ಇವರೊಬ್ಬರೇ. ನಿವೃತ್ತರಾದ ವರ್ಷ ಕಾರವಾರದ ಸಮುದ್ರದಂಡೆಯ ಗಾಡಿಯಲ್ಲಿ ಗೋಬಿ ಮಂಚೂರಿ ತಿನ್ನುತ್ತ ಸೋಯಾ ಸಾಸಿನ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಇದ್ರಲ್ಲಿ ಜೀವ ಎಲ್ಲಿ ಅದೆ ಮಾರಾಯ?"

"ಇಲ್ಲ ಸರ್, ಇದು ವೆಜ್" ಅಂದ ಗಾಡಿಯವ.

ಅಂದೇ ತೀರ್ಮಾನವಾಯಿತು. ಇನ್ನು ಮೇಲೆ ಸೋಯಾ ಸಾಸು ಮನೆಯಲ್ಲೇ, ಜೀವಂತ ಸೂಕ್ಷ್ಮಾಣುಗಳ ಕೈಯಲ್ಲೇ.

ಕೇಳಲಿಕ್ಕೆ ಸುಲಭ. ಸೋಯಾ ಕಾಳು ಬೇಯಿಸು, ಹುರಿದು ಒಡೆದ ಗೋಧಿ ಬೆರೆಸು, ಅದರ ಮೇಲೆ ಒಂದು ಜಾತಿಯ ಬೂಷ್ಟಿನ ಪುಡಿ ಉದುರಿಸು, ಮೂರು ದಿನ ಬೆಚ್ಚಗಿಡು. ಬೂಷ್ಟು ಹಳದಿ ಹಸುರಾಗಿ ಹಬ್ಬಿದ ಮೇಲೆ ಉಪ್ಪುನೀರಿಗೆ ಹಾಕಿ ವರ್ಷಗಟ್ಟಲೆ ತಿರುವುತ್ತಿರು. ಅಷ್ಟೇ! ನಮ್ಮ ಕಡೆ ಮಳೆಗಾಲದಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಕಪಾಟಿನಲ್ಲಿಟ್ಟ ಹತ್ತನೇ ಇಯತ್ತೆಯ ಸರ್ಟಿಫಿಕೇಟಿಗೆ ಎಲ್ಲದಕ್ಕೂ ಬೂಷ್ಟು ಕರೆಯದೇ ಬರುತ್ತದೆ. ಹಳೆಯ ಪ್ರಯೋಗಾಲಯದ ಗೆಳೆಯನಿಗೆ ಪತ್ರ ಬರೆದು, ಪೊಟ್ಟಣ ಕಟ್ಟಿಸಿ ಬೂಷ್ಟು ತರಿಸಿಕೊಂಡವರು ಇಡೀ ತಾಲೂಕಿನಲ್ಲಿ ಇವರೊಬ್ಬರೇ ಇರಬೇಕು.

ಆ ಆಷಾಢದಲ್ಲಿ ನಾನು ಎರಡು ದಿನ ಉಳಿಯಲೆಂದು ಚೀಲ ಹಿಡಿದು ಹೋದೆ. ನನ್ನ ಮಂಚದ ಮೇಲೆ ಯಾರೋ ಕಂಬಳಿ ಹೊದ್ದು ಮಲಗಿದ್ದರು. ಕಂಬಳಿ ಎತ್ತಿದರೆ ಮೂರು ಬಿದಿರಿನ ಗೆರಸಿ ತುಂಬ ಸೋಯಾ ಕಾಳು.

"ಮುಚ್ಚು, ಮುಚ್ಚು. ಅವಕ್ಕೆ ಚಳಿ ಆಗ್ತದೆ" ಅಂದರು ಮಾವ.

"ಮತ್ತೆ ನಾನು?"

"ನಿಂಗೆ ಎಂತಾ ಆಗ್ತದೆ ತಂಗೀ, ಚಾಪೆ ಅದೆ."

ಅಷ್ಟು ಉಪಚಾರ ಮಾಡಿಸಿಕೊಂಡ ಆ ಕಾಳು ಭರಣಿಗೆ ಹೋಗಿ ಎರಡೇ ತಿಂಗಳಲ್ಲಿ ಕೊಳೆತು ನಾರಿತು. ಪಕ್ಕದ ಮನೆಯವರು ಬಂದು, ಬಾವಿಯಲ್ಲಿ ಏನಾದರೂ ಬಿದ್ದಿದೆಯೇ ಎಂದು ಬಗ್ಗಿ ನೋಡಿಹೋದರು. ಉಪ್ಪು ಕಮ್ಮಿಯಾಯಿತು ಎಂದು ಮಾವ ಎರಡನೇ ಸಲ ಸಾಣಿಕಟ್ಟದ ಹರಳುಪ್ಪು ಸುರಿದರು. ಅದು ಎಷ್ಟು ಉಪ್ಪಾಯಿತೆಂದರೆ ಒಂದು ಜೀವವೂ ಏಳಲಿಲ್ಲ. ಮಾವ ಎರಡು ದಿನ ಗಡ್ಡ ಬೋಳಿಸಲಿಲ್ಲ.

ಮೂರನೇ ಸಲ ಅವರು ಅತ್ತೆಯನ್ನು ಕರೆದರು. ಇಲ್ಲಿ ಅತ್ತೆಯ ವಿಷಯ ಹೇಳಬೇಕು. ಕದ್ವಾಡದ ಹೆಣ್ಣು, ಹೆಡ್‌ಮಾಸ್ತರಿಕೆ ಮಾಡಿ ನಾನೂರು ಮಕ್ಕಳನ್ನು ಬರೀ ಕಣ್ಣಲ್ಲೇ ಕೂರಿಸುತ್ತಿದ್ದವರು. ಆದರೆ ಮದುವೆಯಾದ ವರ್ಷ ಅವರು ಹಾಕಿದ ಮಾವಿನಮಿಡಿ ಉಪ್ಪಿನಕಾಯಿ ಕೆಟ್ಟುಹೋಯಿತು. ನಮ್ಮ ಅಜ್ಜಿ, ಅಂದರೆ ಮಾವ 'ಆಯಿ' ಎನ್ನುತ್ತಿದ್ದ ಅವರ ತಾಯಿ, "ಇವಳ ಕೈಗುಣ ಸರಿಯಿಲ್ಲ" ಅಂದರು. ಒಮ್ಮೆ ಅಂದದ್ದು ಅಷ್ಟೇ. ಮತ್ತೆ ಅತ್ತೆ ಭರಣಿ ಮುಟ್ಟಲಿಲ್ಲ. ಅಜ್ಜಿ ತೀರಿಕೊಂಡು ಹತ್ತು ವರ್ಷವಾದರೂ ಆ ಉಪ್ಪಿನಕಾಯಿ ಭರಣಿ ಅಟ್ಟಣಿಗೆಯ ಮೇಲೇ ಇತ್ತು, ಅವರ ಮನೆಗೆ ಉಪ್ಪಿನಕಾಯಿ ನಮ್ಮ ಅಮ್ಮನೇ ಹಾಕಿ ಕಳಿಸುತ್ತಿದ್ದಳು. ಯಾರದಾದರೂ ಮನೆಯಲ್ಲಿ ಹಪ್ಪಳದ ಹಿಟ್ಟು ನಾದುವಾಗಲೂ ಅತ್ತೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರು. ನಾವು ಅದನ್ನು ಅವರ ಗತ್ತು ಅಂದುಕೊಂಡಿದ್ದೆವು. ನಾಚಿಕೆಯಾಗುತ್ತದೆ ಈಗ.

"ನನ್ನ ಬಲಭುಜ ಹಿಡಕಂಡದೆ. ನೀನೇ ಕಲಸು" ಅಂದರು ಮಾವ.

"ನನ್ನ ಕೈ ಬೇಡ. ಹಾಳಾಗ್ತದೆ."

"ಎರಡು ಸಲ ನನ್ನ ಕೈಲೇ ಹಾಳಾಯ್ತಲ್ಲ. ಇನ್ನು ಹಾಳಾಗೂಕೆ ಎಂತಾ ಉಳಿದದೆ?"

ಅತ್ತೆ ಕೈ ಎರಡೆರಡು ಸಲ ತೊಳೆದು ಕಲಸಿದರು. ಆಮೇಲೆ ದಿನಾ ಬೆಳಿಗ್ಗೆ ಮರದ ಸೌಟಿನಲ್ಲಿ ತಿರುವಿದರು. ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪಾಠ ಮಾಡಿದರು: ಬೂಷ್ಟು ಉಪ್ಪಿನಲ್ಲಿ ಸಾಯುತ್ತದೆ, ಆದರೆ ಅದು ಕಾಳನ್ನು ಕರಗಿಸಲು ಬಿಟ್ಟುಹೋದ ರಸ ಕೆಲಸ ಮಾಡುತ್ತಲೇ ಇರುತ್ತದೆ. ಮತ್ತೆ ಹುಳಿ ಮಾಡುವ ಬ್ಯಾಕ್ಟೀರಿಯಾ ಏಳುತ್ತವೆ, ಅವುಗಳ ಬೆನ್ನಿಗೆ ಪರಿಮಳ ಕೊಡುವ ಯೀಸ್ಟು. ಒಬ್ಬರ ಪಾಳಿ ಮುಗಿಯದೆ ಇನ್ನೊಬ್ಬರು ಬರುವುದಿಲ್ಲ. "ನಿಮ್ಗಿಂತ ಅವಕ್ಕೇ ಶಿಸ್ತು ಅದೆ" ಅನ್ನುತ್ತಿದ್ದರು ಅತ್ತೆ.

ಒಂದು ಭಾನುವಾರ ಹೋದಾಗ ಮಾವ ಬಾವಿಯಿಂದ ಕೊಡದ ಮೇಲೆ ಕೊಡ ಸೇದುತ್ತಿದ್ದರು, ಬಲಗೈಯಲ್ಲಿ.

"ಮಾವ, ಭುಜ?"

"ಮೆಲ್ಲಗೆ ಮಾತಾಡು" ಅಂದರು. "ಇದು ಭರಣಿ ಕಂಡ್ರೆ ಮಾತ್ರ ಬರೂ ನೋವು."

ಹದಿನಾಲ್ಕು ತಿಂಗಳ ನಂತರ ಅಮ್ಮ, ನಾನು ಇಬ್ಬರೂ ಹೋದೆವು. ಬಟ್ಟೆಯಲ್ಲಿ ಹಿಂಡಿ, ಕುದಿಸಿ, ಆರಿಸಿದ ಕಪ್ಪು ರಸವನ್ನು ಮಾವ ನಮ್ಮ ಬಿಸಿ ಗಂಜಿಗೆ ನಾಲ್ಕು ಹನಿ ಬಿಟ್ಟರು. ಅತ್ತೆ ತಿನ್ನಲಿಲ್ಲ, ನಮ್ಮ ಮುಖ ನೋಡುತ್ತ ಕೂತರು. ನಾನು ಎರಡನೇ ಸಲ ಬಟ್ಟಲು ಚಾಚಿದೆ. ಅಷ್ಟು ರುಚಿಯಾಗಿತ್ತು. ಅಮ್ಮ ಸೆರಗಲ್ಲಿ ಬಾಯಿ ಒರೆಸಿಕೊಂಡು, "ಅತ್ತಿಗೆ, ಇದು ನಿನ್ನ ಕೈಗುಣ" ಅಂದಳು.

ಅತ್ತೆ ತಲೆ ತಗ್ಗಿಸಿದರು. ಮಾವ ಬಾಟಲಿ ಕೆಳಗಿಟ್ಟು, ಪಾಠ ಮಾಡುವ ಧ್ವನಿಯಲ್ಲೇ ಶುರುಮಾಡಿದರು.

"ಆ ವರ್ಷ ಮಿಡಿ ಕೆಟ್ಟದ್ದು ಇವಳ ಕೈಯಿಂದ ಅಲ್ಲ. ಊಟದ ನಡೂಕೆ ಎದ್ದು ಹೋಗಿ ನಾನೇ ಭರಣಿಗೆ ಎಂಜಲು ಕೈ ಹಾಕಿದ್ದೆ. ನೀರು, ಅನ್ನ ಎರಡೂ ಒಳಗೆ ಹೋಯ್ತು. ಕೊಳೆಸೂ ಜೀವಿಗಳಿಗೆ ಅಷ್ಟೇ ಸಾಕು." ಪಾಠದ ಧ್ವನಿ ಅಲ್ಲಿಗೆ ನಿಂತಿತು. "ಆಯಿ ಇವಳಿಗೆ ಬೈವಾಗ ನಾನು ಸುಮ್ಮನಿದ್ದೆ."

ಅತ್ತೆ ತಲೆ ಎತ್ತಿದರು.

"ನಂಗೆ ಗೊತ್ತದೆ. ಭರಣಿ ತೊಳೆದದ್ದು ನಾನಲ್ದಾ? ತಳದಲ್ಲಿ ಅನ್ನದ ಅಗಳಿತ್ತು."

"ಹಂಗಾರೆ ಅವತ್ತೇ ಎಂತಕ್ಕೆ ಹೇಳ್ಲಿಲ್ಲ?"

"ನೀವು ಹೇಳ್ತೀರಿ ಅಂತ ಕಾದೆ."

ಮಾವ ಎದ್ದು ಹಿತ್ತಿಲಿಗೆ ಹೋಗಿ ಕೈ ತೊಳೆದರು. ಬೈರಾಸಿನಿಂದ ಒರೆಸಿದರು, ಮತ್ತೆ ಒರೆಸಿದರು, ಬೆರಳ ಸಂದಿಗಳನ್ನೂ ಬಿಡಲಿಲ್ಲ. ಆಮೇಲೆ ಸ್ಟೂಲು ಹತ್ತಿ ಅಟ್ಟಣಿಗೆಯ ಮೇಲಿದ್ದ ಅಜ್ಜಿಯ ಭರಣಿಯನ್ನು ಎರಡೂ ಕೈಯಲ್ಲಿ ಇಳಿಸಿ ತಂದು ಅತ್ತೆಯ ಮುಂದಿಟ್ಟರು.

ಅತ್ತೆ ಬಳೆ ಹಿಂದೆ ಸರಿಸಿ, ಮೊಣಕೈವರೆಗೆ ಕೈ ಒಳಗೆ ಹಾಕಿ ತಳ ಸವರಿ ನೋಡಿದರು.

"ಒಣಗಿ ಅದೆ" ಅಂದರು. "ನಾಳೆ ಸಂತೆಗೆ ಹೋದ್ರೆ ಮಿಡಿ ತನ್ನಿ."