ಇ.ಎಸ್.ಆರ್. ಮತ್ತು ಹಲಸಿನ ಎಲೆಯ ಕೊಟ್ಟೆ

ಗಣಿತ ಕಲಿಸುವವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಮನುಷ್ಯರ ಮಾತನ್ನು ಅನುಮಾನಿಸುತ್ತೇವೆ, ಅಂಕಿಯ ಮಾತನ್ನು ಕಣ್ಣುಮುಚ್ಚಿ ನಂಬುತ್ತೇವೆ. ಕಾರ್ಕಳದ ನನ್ನ ಹೈಸ್ಕೂಲಿನಲ್ಲಿ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಮನೆಯಲ್ಲಿ, ನನ್ನ ಹೆಂಡತಿ ವಸಂತಿಗೆ ಸಂಧಿವಾತ ಬಂದ ಮೇಲೆ.

ಎಪ್ಪತ್ತರ ದಶಕದ ಕೊನೆಯ ಮಾತು. ಮಣಿಪಾಲದ ಡಾಕ್ಟರು ಮದ್ದು ಕೊಟ್ಟು, ಆಗಾಗ ಇ.ಎಸ್.ಆರ್. ಎಂಬ ರಕ್ತಪರೀಕ್ಷೆ ಮಾಡಿಸಬೇಕೆಂದರು. ರಕ್ತವನ್ನು ಸಪೂರ ಗಾಜಿನ ಕೊಳವೆಯಲ್ಲಿ ಒಂದು ಗಂಟೆ ನಿಲ್ಲಿಸಿ, ಕೆಂಪು ಎಷ್ಟು ಕೆಳಗಿಳಿಯಿತೆಂದು ಅಳೆಯುವುದು. ಹೆಚ್ಚು ಇಳಿದರೆ ಒಳಗೆ ಉರಿಯೂತ ಹೆಚ್ಚು. ನಮ್ಮ ಶಾಲೆಗೆ ಪೂರಾ ತಿರುಗಾಮುರುಗಾ, ಇಲ್ಲಿ ಕಡಿಮೆ ಅಂಕ ಬಂದವರೇ ಪಾಸು. ನನಗೆ ಬಹಳ ಹಿಡಿಸಿತು. ಇವತ್ತು ಕೈ ಹಗುರ ಎಂದು ಅವಳೆಂದರೆ, ಅದು ಪರೀಕ್ಷೆಯಲ್ಲಿ ತಿಳಿಯಬೇಕು ಎನ್ನುತ್ತಿದ್ದೆ. ನೋವು ಎಂದರೆ, ಹೋದ ಸಲ ಕಡಿಮೆ ಬಂದಿತ್ತಲ್ಲ ಎಂದು ವಾದಿಸುತ್ತಿದ್ದೆ. ಇಂಥ ಗಂಡನಿಗೂ ಹೊತ್ತು ಹೊತ್ತಿಗೆ ಕಾಫಿ ಸಿಗುತ್ತಿತ್ತೆಂಬುದು ಅವಳ ದೊಡ್ಡತನ.

ಕೃಷ್ಣಾಷ್ಟಮಿ ಹತ್ತಿರ ಬಂತು. ನಮ್ಮ ಕಡೆ ಅಷ್ಟಮಿಗೆ ಕೊಟ್ಟೆ ಕಡುಬು ಬೇಕೇ ಬೇಕು. ಹಲಸಿನ ಎಲೆಗಳನ್ನು ಸೇರಿಸಿ, ತೆಂಗಿನ ಗರಿಯ ಕಡ್ಡಿ ಚುಚ್ಚಿ ದೊನ್ನೆಯಂಥ ಕೊಟ್ಟೆ ಮಾಡಿ, ಹಿಟ್ಟು ಹೊಯ್ದು ಬೇಯಿಸುವುದು. ವಸಂತಿಯ ಕೊಟ್ಟೆಯಲ್ಲಿ ನೀರು ತುಂಬಿಟ್ಟರೂ ಸೋರದು ಎಂದು ಕಾಪುವಿನಲ್ಲಿರುವ ಅವಳ ಅಕ್ಕನೇ ಹೇಳುವುದುಂಟು. ಹಿಂದಿನ ವರ್ಷ ಬೆರಳು ಬಾತು, ಪೇಟೆಯಿಂದ ತಂದ ಕೊಟ್ಟೆಯಲ್ಲೇ ಹಬ್ಬ ಮಾಡಿದ್ದೆವು. ಅಂದು ಅವಳು ಸರಿಯಾಗಿ ಉಣ್ಣಲಿಲ್ಲ. ಈ ಸಲ ತನ್ನ ಕೈಯಿಂದಲೇ ಆಗಬೇಕೆಂದು ಹಟ ಹಿಡಿದು, ಅಕ್ಕನ ಮನೆಯವರನ್ನೂ ಕರೆದಿದ್ದಳು.

ಹಬ್ಬಕ್ಕೆ ಮೊದಲು ಮಣಿಪಾಲಕ್ಕೆ ಹೋದೆವು. ಹುರುಪಿನಲ್ಲಿ ನಾನೂ ರಕ್ತ ಕೊಟ್ಟೆ. ನನಗೆ ಫಸ್ಟ್ ಕ್ಲಾಸ್ ಬಂತು, ಅವಳದ್ದು ಏರಿತ್ತು. ಡಾಕ್ಟರನ್ನು ಕಾಣುವ ಮೊದಲೇ ನಾನು ತೀರ್ಪು ಕೊಟ್ಟೆ: ಈ ವರ್ಷವೂ ಕಡುಬು ಬೇಡ, ಬರುವುದು ಬೇಡವೆಂದು ಅಕ್ಕನಿಗೆ ಹೇಳಿಕಳಿಸೋಣ. ವಸಂತಿ ಕಣ್ಣು ತುಂಬಿಕೊಂಡಳು. ನನಗೂ ಸಂಕಟವಾಯಿತು, ಆದರೆ ಅಂಕಿ ಅಂಕಿಯೇ ಅಲ್ಲವೇ?

ಡಾಕ್ಟರು ರಿಪೋರ್ಟನ್ನು ಬದಿಗಿಟ್ಟು ಅವಳ ಗೆಣ್ಣುಗಳನ್ನು ಒತ್ತಿ ನೋಡಿದರು. ಬೆಳಿಗ್ಗೆ ಬೆರಳು ಎಷ್ಟು ಹೊತ್ತು ಬಿಗಿದುಕೊಂಡಿರುತ್ತದೆ ಎಂದು ಕೇಳಿದರು. ಮೊದಲು ಮಧ್ಯಾಹ್ನದ ಗಂಜಿಯ ತನಕ ಇತ್ತು, ಈಗ ಕಾಫಿ ಕುದಿಯುವಷ್ಟರಲ್ಲಿ ಬಿಡುತ್ತದೆ ಎಂದಳು. ಬಿ.ಪಿ. ಪಟ್ಟಿಯನ್ನು ಸುರುಳಿ ಸುತ್ತಿ, ಸ್ವಲ್ಪ ಗಾಳಿ ತುಂಬಿ, ಹಿಂಡಲು ಕೊಟ್ಟರು. ಅವಳ ಹಿಡಿತದ ಬಲಕ್ಕೆ ಪಾದರಸ ಸರ್ರನೆ ಏರಿತು. ಇತ್ತೀಚೆಗೆ ಜ್ವರ ಬಂದಿತ್ತೇ ಎಂದರು. ಹೋದ ವಾರ ಜ್ವರ, ಕೆಮ್ಮು ಎರಡೂ ಇದ್ದವು.

"ಇ.ಎಸ್.ಆರ್. ಜ್ವರಕ್ಕೂ ಏರುತ್ತದೆ ಮಾಷ್ಟ್ರೇ," ಎಂದರು ಡಾಕ್ಟರು. "ಇವರ ಗಂಟುಗಳು ಆರಾಮ ಉಂಟು. ಕಡುಬು ಮಾಡಲಿ."

ಬಸ್ಸಿನಲ್ಲಿ ವಸಂತಿ ಕಿಟಕಿಯತ್ತ ನೋಡುತ್ತಲೇ ಕೇಳಿದಳು: "ಕೈ ನನ್ನದಲ್ವಾ ಮಾರಾಯ್ರೆ? ನನ್ನ ಹತ್ರ ಒಂದು ಮಾತು ಕೇಳ್ಲಿಕ್ಕೆ ಎಂತ ಕಷ್ಟ?" ನಾನು ರಿಪೋರ್ಟನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಅಷ್ಟಮಿಗೆ ಅವಳು ಎಲೆಯ ರಾಶಿಯ ಮುಂದೆ ಕೂತು, ನಡುನಡುವೆ ಬೆರಳಿಗೆ ವಿಶ್ರಾಂತಿ ಕೊಡುತ್ತಾ ಕೊಟ್ಟೆ ಮಾಡಿದಳು. ಮುಖದಲ್ಲಿ ಎರಡು ವರ್ಷದ ಹಬ್ಬದ ಸಂತೋಷ ಒಟ್ಟಿಗೇ ಇತ್ತು. ಅದನ್ನು ನೋಡಿ ನಾನೂ ಖುಷಿಯಿಂದ ಸಹಾಯಕ್ಕೆ ಕೂತೆ.

ಅಷ್ಟಮಿಯ ಉಪವಾಸ ಮುಗಿದು ಮರುದಿನ ಊಟಕ್ಕೆ ಕೂತಾಗ ಅಕ್ಕ ಒಂದು ಕೊಟ್ಟೆಯನ್ನು ಎತ್ತಿ ಹಿಡಿದರು. ಹಿಟ್ಟೆಲ್ಲ ಸೋರಿಹೋಗಿ ಎಲೆ ಮಾತ್ರ ಉಳಿದಿತ್ತು. ಇದು ಯಾರು ಮಾಡಿದ್ದು ಎಂದು ಕೇಳಿದರು.

ವಸಂತಿ ನನ್ನ ಕಡೆ ನೋಡದೆಯೇ ಹೇಳಿದಳು: "ಇ.ಎಸ್.ಆರ್. ಫಸ್ಟ್ ಕ್ಲಾಸ್ ಇರುವವರು, ಅಕ್ಕ."