ಬಂದ್ ಮಾಡಬಾರದ ಕಾರು

ನನ್ನ ಪಾಲಿಗೆ ಇಂಥವು ತಪ್ಪಿದ್ದಲ್ಲ. ಬ್ಯಾರೆಯವರು ಹಳೇ ಕಾರು ಮಾರಿದರ ಕಾರು ಹೋಗ್ತೈತಿ, ರೊಕ್ಕ ಬರ್ತೈತಿ, ಅಲ್ಲಿಗೆ ಮುಗೀತು. ನಾ ಮಾರಾಕ ಹೊಂಟರ ನಡುವ ಹುಲಿ ಬರ್ತೈತಿ, ಲಿಂಬಿಹಣ್ಣು ಬರ್ತಾವ, ವಕೀಲರು ಬರ್ತಾರ.

ನಾ ಸಾಲಿ ಕಟ್ಟಿ ಹತ್ತಿದವನಲ್ಲ. ಲಾರಿಗಳ ಹಿಂದ ಬರೆದದ್ದನ್ನ ನೋಡಿ ನೋಡಿ ಅಕ್ಷರ ಕಲಿತೀನಿ. ಅದಕ್ಕ ನನ್ನ ಬರಹದಾಗ ಹಾರ್ನ್ ಸ್ವಲ್ಪ ಜಾಸ್ತಿ, ಬ್ರೇಕು ಕಮ್ಮಿ. ಆದರ ಸಿಂಧನೂರಾಗ ನಲವತ್ತು ವರ್ಷ ಗಾಡಿ ರಿಪೇರಿ ಮಿಸ್ತ್ರಿ ಆಗೀನಿ. ಕಣ್ಣಿಗೆ ಬಟ್ಟಿ ಕಟ್ಟಿದರೂ ಇಂಜಿನ್ನಿನ ಕೆಮ್ಮು ಕೇಳಿ ಯಾವ ಲಾರಿ, ಡ್ರೈವರ್ ಮುಂಜಾನೆ ಏನು ತಿಂದಾನ ಅನ್ನೂದನ್ನೂ ಹೇಳ್ತಿದ್ದೆ. ನನ್ನ ಕೈಯಿಂದ ಹೊಂಟ ಗಾಡಿ ಮತ್ತ ನನ್ನ ಬಾಗಿಲಿಗೆ ಕೆಟ್ಟು ಬಂದಿಲ್ಲ. ಈ ಹೆಸರೊಂದೇ ನನ್ನ ಆಸ್ತಿ.

ಕೋಳಿ ಕುಂತ ಕಾರು

ಸಂತೆಕಲ್ಲೂರಿನ ಒಬ್ಬ ರೈತರ ಕೊಟ್ಟಿಗಿಯೊಳಗ, ಜೋಳದ ಕಣಕಿ ಕೆಳಗ ಈ ಕಾರು ಸಿಕ್ಕಿತು. ನಮ್ಮಪ್ಪ ಹುಟ್ಟೋಕಿಂತ ಮೊದಲಿನದು. ಡ್ರೈವರ್ ಸೀಟಿನ ಮ್ಯಾಲ ಒಂದು ಕೋಳಿ ಕಾವಿಗೆ ಕುಂತಿತ್ತು. ರೈತರು ಅಂದರು, "ಕಾರು ಒಯ್ರಿ ಉಸ್ತಾದ್, ಬ್ಯಾಡ ಅನ್ನೂದಿಲ್ಲ. ಆದರ ಮರಿ ಆಗೋತನ ಅಲ್ಲಾಡಿಸಬ್ಯಾಡ್ರಿ."

ಮೂರು ವಾರ ನಾನು ಆಟೋದಾಗ ಹೋಗೂದು, ಕೋಳಿ ಆರೋಗ್ಯ ವಿಚಾರಿಸೂದು, ವಾಪಸ್ ಬರೂದು. ಕಡೀಕ ಕಾರಿಗೆ ಹಗ್ಗ ಕಟ್ಟಿ ಎಳಕೊಂಡು ಹೊಂಟಾಗ ಆ ಹನ್ನೊಂದು ಮರಿ ಮಸ್ಕಿ ರಸ್ತೆತನ ಕಾರಿನ ಹಿಂದ ಓಡಿ ಬಂದವು. ಸುಳ್ಳಲ್ಲ. ಬೇಕಿದ್ದರ ಮರಿಗಳನ್ನ ಕೇಳ್ರಿ.

ಎರಡು ವರ್ಷ ಬಿಚ್ಚಿದೆ, ತಿಕ್ಕಿದೆ, ಬಡಿದೆ, ಬಣ್ಣ ಹಚ್ಚಿದೆ. ಕರಿ ಬಣ್ಣ ಹೆಂಗಂದರ, ಅದರಾಗ ನೋಡಿ ಮೀಸಿ ಕತ್ತರಿಸಬಹುದು. ಎಲ್ಲಾ ಚಲೋ ಆತು, ಒಂದನ್ನ ಬಿಟ್ಟು. ಇಂಜಿನ್ ಕಾದ ಮ್ಯಾಲ ಬಂದ್ ಮಾಡಿದರ ಮತ್ತ ಚಾಲೂ ಆಗೂದಿಲ್ಲ. ಪಂಪಿನೊಳಗ ಪೆಟ್ರೋಲು ಕಾದು ಹಬಿ ಆಗಿ ನಿಂತುಬಿಡ್ತೈತಿ. ನಾಕು ಸಲ ಪಂಪ್ ಬದಲಿ ಮಾಡಿದರೂ ಅದೇ ಹಟ. ಪಂಪಿಗೆ ಹಸಿ ಟವೆಲ್ ಹೊದಿಸಿ ಅರ್ಧ ತಾಸು ಕುಂತರ ತಣ್ಣಗಾಗಿ ಚಾಲೂ ಆಗ್ತೈತಿ. ಹಿಂಗಾಗಿ ಆ ದಿನದಿಂದ ನನ್ನ ಹೆಗಲ ಮ್ಯಾಲ ಯಾವಾಗಲೂ ಒಂದು ಹಸಿ ಟವೆಲ್. ಕೇಳಿದವರಿಗೆ, "ನಮ್ಮ ಕಡಿ ಬಿಸಲು ನಿಮಗೇನು ಗೊತ್ತು" ಅಂತಿದ್ದೆ.

ನಮ್ಮ ಮನೆಯಾಕಿ ಮೆಣಸಿನಕಾಯಿ ಒಣಗಿಸೋ ಅಂಗಳದಾಗ ಕಾರು ನಿಂತಿತ್ತು. ಒಂದಿನ ಸೊಂಟಕ್ಕ ಕೈ ಇಟ್ಟು, "ಯಾ ಗಾಡಿ, ಯಾ ಮೈಂ. ಒಂದೋ ಗಾಡಿ, ಇಲ್ಲಾ ನಾ" ಅಂದಳು. "ಈ ತಿಂಗಳದಾಗ ಈ ಕರಿ ಕಾರು ಹೋಗಬೇಕು, ಮತ್ತ ಈ ಅಂಗಳಕ್ಕ ಬರಬಾರದು. ಇಲ್ಲಾಂದರ ನಾ ವಳಕಮದಿನ್ನಿಗೆ, ನಮ್ಮ ಅಣ್ಣನ ಮನಿಗೆ."

ನಾ ಲೆಕ್ಕ ಹಾಕಿದೆ: ಕಾರು ಮತ್ತೊಂದು ಸಿಗಬಹುದು, ಮೆಣಸಿನಕಾಯಿ ಚಟ್ನಿ ಮಾಡಾಕಿ ಸಿಗೂದಿಲ್ಲ.

ಹಟ್ಟಿಯಿಂದ ಬಂದವರು

ಹಳೇ ಗಾಡಿ ಹುಚ್ಚಿನವರು ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕಿನಾಗ ಹತ್ತು ಮಂದಿ ಇರಬಹುದು. ಎಲ್ಲರದೂ ಫೋನಿನಾಗ ಒಂದು ಗ್ರೂಪು. ಒಬ್ಬನಿಗೆ ನನ್ನ ಕಾರಿನ ಹಟ ಗೊತ್ತಾದರ ಹತ್ತೂ ಮಂದಿಗೆ ಗೊತ್ತು. ಅದನ್ನ ನೆನಸಿದರ ನನಗ ಊಟ ಇಳೀತಿರಲಿಲ್ಲ.

ಮೊದಲು ಬಂದವರು ಹಟ್ಟಿಯವರು. ಚಿನ್ನದ ಗಣಿಯಾಗ ಮಶೀನು ನೋಡಿಕೊಂಡು ರಿಟೈರ್ ಆದವರು. ಕಿವಿ ಬಲು ಚುರುಕು. ಅವರನ್ನ ಕುಂದ್ರಿಸಿಕೊಂಡು ಊರ ಹೊರಗ ಒಂದು ಸುತ್ತು ಹಾಕಿ ಬಂದೆ. ಎದಿ ಮಾತ್ರ ಇಂಜಿನ್ನಿಗಿಂತ ಜೋರು ಬಡಕೊಳ್ಳಾಕತ್ತಿತ್ತು. ಅಂಗಳದಾಗ ನಿಲ್ಲಿಸಿದ್ದೇ ತಡ, ಅವರು ಕೈ ಹಾಕಿ ಕೀಲಿ ತಿರುವಿಬಿಟ್ಟರು.

"ಯಾಕ್ರೀ ಸಾಹೇಬ್ರ?"

"ಬಂದ್ ಆಗುವಾಗಿನ ಸಪ್ಪಳ ಕೇಳಬೇಕ್ರೀ. ಅದರಾಗ ಎಲ್ಲಾ ಗೊತ್ತಾಗ್ತೈತಿ. ಹಾಂ, ಈಗ ಚಾಲೂ ಮಾಡ್ರಿ."

ನಾ ಅಂಜಿದ್ದು ಇದಕ್ಕ. ಅರ್ಧ ತಾಸು ಹೆಂಗ ಕಳೀಬೇಕು? ಬಾನೆಟ್ ಎತ್ತಿದೆ, ಬೆವರು ಒರಸೋ ಹಂಗ ಮಾಡಿ ಟವೆಲ್ ಪಂಪಿನ ಮ್ಯಾಲ ಒಗದೆ. "ಚಾಲೂ ಮಾಡ್ತೀನಿ ಸಾಹೇಬ್ರ, ಅದಕ್ಕ ಮೊದಲ ಈ ಕಾರಿನ ಚರಿತ್ರಿ ಕೇಳ್ರಿ. ನಿಜಾಮರ ಕಾಲದಾಗ ಒಬ್ಬ ದೊಡ್ಡ ಅಧಿಕಾರಿ ಇದರಾಗ ಶಿಕಾರಿಗೆ ಹೋಗಿದ್ದರು. ಮುದಗಲ್ ಕಡಿ ಗುಡ್ಡದಾಗ ಒಂದು ಹುಲಿ..."

ಐದು ನಿಮಿಷಕ್ಕ ಹುಲಿ ಸತ್ತಿತು. ಪಂಪು ಇನ್ನೂ ಕೆಂಡ. ಹುಲಿಗೆ ಜೀವ ಬರಿಸಿದೆ. ಅದು ಕಾರಿನ ಬೆನ್ನು ಹತ್ತಿತು. ಹತ್ತು ನಿಮಿಷ ಓಡಿತು. ಅದಕ್ಕೊಂದು ಹೆಂಡತಿ ತಂದೆ. ಹೆಣ್ಣು ಹುಲಿ ಟಾಪಿನ ಮ್ಯಾಲ ಜಿಗೀತು. ಎರಡು ಮರಿ ಹುಟ್ಟಿಸಿದೆ. ಒಂದು ಮರಿ ಈ ಹಿಂದಿನ ಸೀಟಿನಾಗ ಬೆಳೀತು. ಅಷ್ಟರಾಗ ಟವೆಲ್ ಒಣಗಿತ್ತು. ಕೀಲಿ ತಿರುವಿದೆ. ಇಂಜಿನ್ ಭುರ್ರಂತ ಎದ್ದಿತು. ನಾ ಆಕಾಶ ನೋಡಿದೆ.

ಹಟ್ಟಿಯವರು ಎದ್ದು ಧೋತರ ಝಾಡಿಸಿಕೊಂಡು ಅಂದರು, "ಉಸ್ತಾದ್, ಕಾರು ನನಗ ಬ್ಯಾಡ. ಹುಲಿ ಎಷ್ಟಕ್ಕ ಕೊಡ್ತೀರಿ?"

ನಾಕು ಲಿಂಬಿಹಣ್ಣು

ಎರಡನೆಯವರು ನಮ್ಮೂರಿನವರೇ, ಅಕ್ಕಿ ವ್ಯಾಪಾರಿ. ಮದುವಿ ಮೆರವಣಿಗಿಗೆ ಹಳೇ ಕಾರು ಬೇಕಾಗಿತ್ತು. ಚೌಕಾಸಿ ಇಲ್ಲ, ಪ್ರಶ್ನಿ ಇಲ್ಲ. "ಮನಿ ಮುಂದ ತಂದು ನಿಲ್ಲಿಸ್ರಿ, ಪೂಜಿ ಮಾಡಿಸಿ ಇಟ್ಟುಕೊಂತೀನಿ" ಅಂದರು. ನನಗ ಹಿಡಿಸಲಾರದಷ್ಟು ಖುಷಿ.

ಹೋಗೋ ದಾರಿಯಾಗ ಭತ್ತದ ಟ್ರ್ಯಾಕ್ಟರ್ ಅಡ್ಡ ನಿಂತು ಇಂಜಿನ್ ಚೆನ್ನಾಗಿ ಕಾದಿತು. ಅವರ ಮನಿ ಮುಂದ ನಿಂತೆ. ಬಂದ್ ಮಾಡಲಿಲ್ಲ. ಪೂಜಾರಿ ಬಾನೆಟ್ ಮ್ಯಾಲ ತಾಟು ಇಟ್ಟರು. ತಾಟು ಗಡಗಡ ನಡುಗಿ ಕುಂಕುಮ ಎಲ್ಲಾ ಅವರ ಮೈ ಮ್ಯಾಲ.

"ಬಂದ್ ಮಾಡೋ ಮಾರಾಯ! ಪೂಜಿ ಕಾರಿಗೋ ನನಗೋ?"

ಬಂದ್ ಮಾಡಿದೆ. ಆಮೇಲೆ ಸಣ್ಣಗ ಅಂದೆ, "ಸ್ವಾಮೇರ, ದೊಡ್ಡ ಪೂಜಿ ಮಾಡ್ರಿ. ಅವಸರ ಬ್ಯಾಡ. ಯಾವ ಮಂತ್ರನೂ ಬಿಡಬ್ಯಾಡ್ರಿ."

ಪೂಜಾರಿಗೆ ನನ್ನ ಭಕ್ತಿ ನೋಡಿ ಸಂತೋಷ ಆತು. ಆದರ ಅವರಿಗೆ ಮತ್ತೊಂದು ಮನಿಗೆ ಹೋಗೂದಿತ್ತು. ಹತ್ತು ನಿಮಿಷದಾಗ ಆರತಿ, ತೆಂಗಿನಕಾಯಿ ಎಲ್ಲಾ ಮುಗಿಸಿ ನಾಕು ಗಾಲಿಗೆ ನಾಕು ಲಿಂಬಿಹಣ್ಣು ಇಟ್ಟರು. "ಹತ್ತಿಸು! ಇನ್ನ ಎರಡು ನಿಮಿಷಕ್ಕ ರಾಹುಕಾಲ."

ಕೀಲಿ ತಿರುವಿದೆ. ಖರ್... ಖರ್... ಮತ್ತ ತಿರುವಿದೆ. ಖರ್. ಮನಿ ಮಂದಿ ಎಲ್ಲಾ ನನ್ನ ಮುಖ ನೋಡಾಕತ್ತರು. ನನ್ನ ಬೆವರಿನಾಗ ಟವೆಲ್ ಮತ್ತಷ್ಟು ಹಸಿ ಆತು. ಕಡೀಕ ಧೈರ್ಯ ಮಾಡಿ ಅಂದೆ, "ಹಳೇ ಕಾಲದ ಪದ್ಧತಿ ಐತ್ರೀ. ಹೊಸ ಮಾಲಕರ ಮನಿಯವರು ಮೊದಲು ಕೈ ಹಚ್ಚಿ ದಬ್ಬಬೇಕು. ಅದು ಶುಭ."

ಆರು ಮಂದಿ ದಬ್ಬಿದರು. ಲಿಂಬಿಹಣ್ಣು ಒಡೆದವು. ಕಾರು ಬೇವಿನಮರದ ನೆರಳಿಗೆ ಹೋಗಿ ಶುಭವಾಗಿ ನಿಂತಿತು. ಸಪ್ಪಳಿಲ್ಲ.

ಕಟ್ಟಿ ಮ್ಯಾಲ ಕುಂತಿದ್ದ ವ್ಯಾಪಾರಿ ತಾಯಿ ಎಲೆ ಅಡಿಕಿ ಅಗೀತಾ ಮಗನಿಗೆ ಅಂದಳು, "ತಮ್ಮಾ, ನಿಮ್ಮಪ್ಪನ ಕಾಲದ ಚಕ್ಕಡಿ ಯಾಕ ಮಾರಿದಿ? ಅದನ್ನ ಎಳಿಯಾಕ ಎರಡೇ ಎತ್ತು ಸಾಕಾಗತಿದ್ದವು."

ಮಸ್ಕಿಯಾಗ ಎರಡು ಇಂಜಿನ್

ತಿಂಗಳು ಮುಗೀಲಿಕ್ಕೆ ಒಂದೇ ದಿನ ಉಳಿದಿತ್ತು. ಮನೆಯಾಕಿ ಟ್ರಂಕ್ ಕೆಳಗ ಇಳಿಸಿ ಧೂಳು ಒರೆಸಾಕತ್ತಿದ್ದಳು. ಅವತ್ತೇ ಲಿಂಗಸುಗೂರಿನ ವಕೀಲರ ಫೋನ್ ಬಂತು. ಅವರೂ ನಮ್ಮ ಗ್ರೂಪಿನವರು. ಅವರ ಹತ್ತಿರ ಒಂದು ಹಸರು ಕಾರು ಐತಿ ಅಂತ ಕೇಳಿದ್ದೆ, ಕಂಡಿರಲಿಲ್ಲ. "ನಡುವ ಮಸ್ಕಿಗೆ ಬರ್ರಿ ಉಸ್ತಾದ್. ನಾ ನನ್ನ ಕಾರು ತರ್ತೀನಿ, ನೀವು ನಿಮ್ಮದು ತರ್ರಿ. ಕುಂತು ಮಾತಾಡೂಣು."

ರಾತ್ರಿ ನಿದ್ದಿ ಇಲ್ಲ. ವಕೀಲರಂದರ ಪ್ರಶ್ನಿ ಕೇಳೋ ಜಾತಿ. ಹುಲಿ, ರಾಹುಕಾಲ ಅವರ ಮುಂದ ನಡಿಯೂದಿಲ್ಲ. ಮುಂಜಾನೆ ಟವೆಲ್ ಅಷ್ಟೇ ಅಲ್ಲ, ಒಂದು ಬಿಂದಿಗಿ ನೀರೂ ಇಟ್ಟುಕೊಂಡೆ.

ಮಸ್ಕಿಯ ಚಾ ಹೋಟ್ಲು ಮುಂದ ನಾ ಹೋಗಿ ನಿಲ್ಲೂದಕ್ಕೂ ವಕೀಲರ ಹಸರು ಕಾರು ಬರೂದಕ್ಕೂ ಸರಿ ಆತು. ಇಳಿದೆವು, ನಮಸ್ಕಾರ ಆದವು. ಎರಡೂ ಇಂಜಿನ್ ಚಾಲೂನೇ ಅದಾವ.

"ಬಂದ್ ಮಾಡ್ರಲ್ಲ ಉಸ್ತಾದ್," ವಕೀಲರು ಒದರಿದರು.

"ನೀವು ಮೊದಲ ಮಾಡ್ರಿ ವಕೀಲ್ರ, ನೀವು ಓದಿದವರು."

"ನೀವು ಹಿರಿಯರು. ನಿಮ್ಮದು ಮೊದಲ."

"ಛೇ ಛೇ, ನೀವು ದೂರದಿಂದ ಬಂದೀರಿ."

ಚಾ ಬಂತು. ನಿಂತಲ್ಲೇ ಕುಡಿದೆವು, ಒಬ್ಬೊಬ್ಬರು ನಮ್ಮ ನಮ್ಮ ಕಾರಿನ ಬಾಗಿಲು ಹಿಡಕೊಂಡು. ನಾ ಬಣ್ಣದ ಬಗ್ಗೆ ಒದರಿದೆ, ಅವರು ಗಾಲಿ ಬಗ್ಗೆ ಒದರಿದರು. ಎರಡನೇ ಚಾ ಬಂತು. ಹೋಟ್ಲಿನವ ಕೈ ಬೀಸಿಕೋತ ಬಂದ. "ಏ ಯಜಮಾನ್ರ, ನಿಮ್ಮ ಹೊಗಿ ನನ್ನ ಮಿರ್ಚಿ ಬಜಿಗೆ ಹತ್ತಾಕತ್ತೈತಿ! ಗಿರಾಕಿ ಎದ್ದು ಹೊಂಟಾರ. ಒಬ್ಬರಾದರೂ ಬಂದ್ ಮಾಡ್ರಿ!"

ಇಬ್ಬರೂ ಅಲ್ಲಾಡಲಿಲ್ಲ. ನನ್ನ ಪೆಟ್ರೋಲ್ ಮುಳ್ಳು ಕೆಳಗ ಇಳಿಯಾಕತ್ತಿತ್ತು. ನಲವತ್ತು ವರ್ಷದ ಹೆಸರು ಮಸ್ಕಿ ನಡುರಸ್ತೆದಾಗ ಆರತೈತಿ ಅನಿಸಿತು. ಆಗ ನೋಡಿದೆ. ವಕೀಲರ ಬಿಳಿ ಅಂಗಿ ಎಡಗಡೆ ಪೂರಾ ತೊಯ್ದು ಮೈಗೆ ಹತ್ತಿತ್ತು. ಹೆಗಲ ಮ್ಯಾಲಿನ ಟವೆಲ್ಲಿನಿಂದ ನೀರು ತಟತಟ ಬೂಟಿನ ಮ್ಯಾಲ ಬೀಳಾಕತ್ತಿತ್ತು.

"ವಕೀಲ್ರ," ಅಂದೆ, "ನಿಮ್ಮ ಟವೆಲ್ ಸೋರಾಕತ್ತೈತಿ."

ಅವರು ನನ್ನ ಹೆಗಲು ನೋಡಿದರು. "ನಿಮ್ಮದೂ ಸೋರಾಕತ್ತೈತಿ, ಉಸ್ತಾದ್."

ಇಬ್ಬರೂ ಕೈ ಒಳಗ ಹಾಕಿ ಒಂದೇ ಸಲ ಕೀಲಿ ತಿರುವಿದೆವು. ಮಸ್ಕಿಗೆ ಮಸ್ಕಿಯೇ ತಣ್ಣಗಾತು. ಕಟ್ಟಿ ಮ್ಯಾಲ ಕುಂತು ಕಣ್ಣಾಗ ನೀರು ಬರೋತನ ನಕ್ಕೆವು.

ನಗು ನಿಂತ ಮ್ಯಾಲ ವಕೀಲರು ಅಂದರು, "ಖರೇ ಹೇಳ್ತೀನಿ. ನಾ ನಿಮ್ಮ ಕಾರು ತೊಗೊಳ್ಳಾಕ ಬಂದಿಲ್ಲ. ನಂದು ನಿಮಗ ಮಾರಾಕ ಬಂದೀನಿ. ಹಸರು ಕಾರು ಮತ್ತ ಮನಿ ಮುಂದ ಕಂಡರ ಅಡಗಿ ಮನಿಗೆ ಕೀಲಿ ಅಂದಾಳ ನಮ್ಮಾಕಿ."

"ಹಸರು ಅಂತ ಬಣ್ಣ ಹಿಡಿದು ಹೇಳ್ಯಾರ?"

"ಹೌದು."

"ನಮ್ಮಾಕಿ ಕರಿ ಅಂದಾಳ."

ಒಬ್ಬರ ಮುಖ ಒಬ್ಬರು ನೋಡಿದೆವು. ಕರಿಗೆ ಹಸರು, ಹಸರಿಗೆ ಕರಿ ಅಂತ ಬದಲಿ ಪತ್ರ ವಕೀಲರೇ ಅಲ್ಲೇ ಕುಂತು ಬರೆದರು. ನನ್ನ ಕರಿ ಕಾರಿಗೆ ಒಂದು ಸಲ ಕೈ ಸವರಿದೆ, ಪಂಪಿನ ಜಾಗ ತೋರಿಸಿಕೊಟ್ಟೆ. ಅರ್ಧ ತಾಸು ಆದ ಮ್ಯಾಲ ಅವರು ಲಿಂಗಸುಗೂರಿಗೆ, ನಾ ಸಿಂಧನೂರಿಗೆ.

ಸಂಜಿಗೆ ಅಂಗಳದಾಗ ಬಂದು ನಿಂತೆ. ಮನೆಯಾಕಿ ಟ್ರಂಕ್ ಮ್ಯಾಲ ಕುಂತಿದ್ದಳು.

"ಕರಿ ಕಾರು ಮಾರಿದೆ," ಅಂದೆ, ಎದಿ ಉಬ್ಬಿಸಿ. "ಮತ್ತ ಈ ಅಂಗಳಕ್ಕ ಬರೂದಿಲ್ಲ."

ಆಕಿ ಹಸರು ಕಾರು ನೋಡಿದಳು. ಚಾಲೂ ಇರೋ ಇಂಜಿನ್ನಿನ ಸಪ್ಪಳ ಕೇಳಿದಳು. ನಲವತ್ತು ವರ್ಷ ಮಿಸ್ತ್ರಿ ಜೋಡಿ ಸಂಸಾರ ಮಾಡ್ಯಾಳ, ಕಿವಿ ಆಕಿಗೂ ಅದಾವ. ಎದ್ದು ಟ್ರಂಕ್ ಮನಿಯೊಳಗ ಒಯ್ದು ಇಟ್ಟಳು. ಹೊರಗ ಬರುವಾಗ ಕೈಯಾಗ ಒಣ ಟವೆಲ್ ಇತ್ತು. ಬಕೀಟಿನಾಗ ಅದ್ದಿದಳು, ಹಿಂಡಿದಳು, ನನ್ನ ಇನ್ನೊಂದು ಹೆಗಲ ಮ್ಯಾಲ ಹಾಕಿ ಅಂದಳು:

"ಈಗ ಬಂದ್ ಮಾಡ್ರಿ, ನೋಡೂಣು."